ಒಣಮೀನಿನ ಬಾಬ್ತು

ಜಪಾನಿನಲ್ಲಿ ಸ್ಥಾವರ ಸಿಡಿದ ವಾರ
ಕಾರವಾರದ ಪೇಟೆಯಲ್ಲಿ ಒಬ್ಬ ಮಾಸ್ತರರು
ನನ್ನ ಬಂಗಡೆಯ ಕಿವಿರು ಎತ್ತಿ ನೋಡಿದರು, ಮೂಸಿದರು,
‘ಇದರಲ್ಲಿ ಅದು ಇಲ್ಲ ತಾನೆ?’ ಎಂದರು.
ಅದಕ್ಕೆ ವಾಸನೆಯಿಲ್ಲ ಮಾಸ್ತರೇ,
ಇದ್ದಿದ್ದರೆ ನಮ್ಮವರಿಗೆ ಮೊದಲು ಗೊತ್ತಾಗುತ್ತಿತ್ತು.

ಹನ್ನೊಂದು ವರ್ಷ ಕೈಗಾದಲ್ಲಿ ನೆಲ ಒರೆಸಿದವರು ಅವರು,
ಗುತ್ತಿಗೆಯ ಲೆಕ್ಕದಲ್ಲಿ.
ಎದೆಗೊಂದು ಬಿಲ್ಲೆ.
ಅದನ್ನು ಮರಳಿ ಕೊಡುವಾಗ ಎಷ್ಟು ಬಿತ್ತು ಎಂದು ಕೇಳಿದರೆ
‘ಮಿತಿಯೊಳಗೆ’ ಎನ್ನುತ್ತಿದ್ದರಂತೆ.
ಆ ಮಾತು ಮನೆಗೂ ಬಂತು.
ಸಾರಿಗೆ ಉಪ್ಪು? ಮಿತಿಯೊಳಗೆ.
ಅಂಗಡಿ ಸಾಲ? ಮಿತಿಯೊಳಗೆ.

ಮಲ್ಲಾಪುರದ ಬಾಡಿಗೆ ಕೋಣೆಯಲ್ಲಿದ್ದಾಗ
ಅಣಕು ಕವಾಯತಿನ ದಿನ ಕೊಟ್ಟ ಅಯೋಡಿನ್ ಮಾತ್ರೆ
ಈಗಲೂ ಗೂಡಿನಲ್ಲಿದೆ, ದೇವರ ಫೋಟೋದ ಹಿಂದೆ,
ದಿನಾಂಕ ಮುಗಿದು ಯಾವ ಕಾಲವಾಯಿತೋ.
ಸೈರನ್ ಕೂಗಿತು, ನಗುತ್ತಲೇ ಬಸ್ಸು ಹತ್ತಿದೆವು.
ನಾಯಿಗಳನ್ನು ಯಾರೂ ಕರೆಯಲಿಲ್ಲ.

ಈಗ ದೇವಬಾಗದ ಮರಳಿನಲ್ಲಿ ಸಂಘದ ಸೋಲಾರ್ ಪೆಟ್ಟಿಗೆ,
ಕರಿ ತಗಡು, ಗಾಜು, ಅಂಗೈಯಷ್ಟು ಫ್ಯಾನು.
ಕಾಗೆಗೆ ಸಿಗದು, ಮರಳು ತಾಗದು,
ತಾರ್ಲೆ ಎರಡೇ ದಿನಕ್ಕೆ ಗಲಗಲ.
‘ಸೂರ್ಯನ ಒಳಗೂ ಅದೇ ಅಂತೆ ಆಯಿ, ಅಣುವಿನ ಬೆಂಕಿ’
ಎಂದಳು ಮಗಳು, ಪುಸ್ತಕದಿಂದ ತಲೆಯೆತ್ತದೆ.
ಇರಲಿ.
ಮಕ್ಕಳಿರುವ ಮನೆಯಲ್ಲಿ ಇರಬೇಕಾದಷ್ಟು ದೂರಕ್ಕೇ
ಹೂಡಿದ್ದಾರಲ್ಲ ಯಾರೋ ಆ ಒಲೆಯನ್ನು.

ಇವತ್ತು ಬೆಳಗಿನಿಂದ ಮೋಡ. ಫ್ಯಾನು ನಿಂತಿದೆ,
ಮೀನು ಅರ್ಧ ಹಸಿ.
ಗಾಜಿನ ಮೇಲೆ ಕೈಯಿಟ್ಟು ನಿಂತಿದ್ದರು ಅವರು.
ಬಿಸಿ ಎಷ್ಟಿದೆ ಎಂದು ಕೇಳಿದೆ.
ನಕ್ಕರು. ಹೇಳಲಿಲ್ಲ.