ನೋಡ್ಲಿಕ್ಕೆ ಎಂತ ಉಂಟು

ಕಾಂಡ್ಲಕುದ್ರುವಿಗೆ ಹೋಗಬೇಕು ಅಂದಾಗ
ದೋಣಿಯ ಸಿಪ್ರಿಯಾನ್ ಪೊರ್ಬು ನನ್ನ ಚಪ್ಪಲಿ ನೋಡಿದ,
ಚೀಲ ನೋಡಿದ, ಕುತ್ತಿಗೆಯ ಕ್ಯಾಮೆರಾ ನೋಡಿದ.
"ಅಲ್ಲಿ ನೋಡ್ಲಿಕ್ಕೆ ಎಂತ ಉಂಟು ಮಾರಾಯ್ರೆ?"
ಆದರೂ ಹತ್ತು ರೂಪಾಯಿ ತಗೊಂಡ,
ಕಿಸೆಗೆ ಹಾಕದೆ ಟೋಪಿಯೊಳಗೆ ಇಟ್ಟ.

ನೇತ್ರಾವತಿ ಇಲ್ಲಿ ಪೂರ್ತಿ ನದಿಯಲ್ಲ, ಕಡಲೂ ಅಲ್ಲ.
ಭರತದ ಹೊತ್ತಿಗೆ ಹಿಂದಕ್ಕೆ ಹರಿಯುತ್ತಾಳೆ,
ಮರೆತ ಕೊಡೆ ತರಲು ಮನೆಗೆ ತಿರುಗಿದವಳಂತೆ.
ಜತೆಗೆ ದಾಟುವವರು: ಒಂದು ಗ್ಯಾಸ್ ಸಿಲಿಂಡರು, ಎರಡು ಕೋಳಿ,
ಪಿಂಚಣಿ ಸಿಗದೆ ಮರಳಿದ ಸೆರಪಿನ್ ಬಾಯಿ.
ಸಿಲಿಂಡರಿಗೆ ಮಾತ್ರ ಹಗ್ಗ ಬಿಗಿದಿದ್ದರು.

ಮೊದಲು ತೋರಿಸಿದ್ದು ಬಾವಿ.
ಸುತ್ತ ಉಪ್ಪು, ನಡುವೆ ಆರು ಕೋಲು ಆಳದ ಸಿಹಿ.
ಸೆರಪಿನ್ ಬಾಯಿ ಚೆಂಬು ಕೊಟ್ಟು
ನಾನು ನುಂಗುವ ತನಕ ನನ್ನ ಗಂಟಲನ್ನೇ ಕಾದಳು.
"ಸಿಹಿ," ಅಂದೆ. ಒಂದು ಚೂರು, ಒಂದೇ ಚೂರು
ಉಪ್ಪಿತ್ತು. ಅದು ಅವಳಿಗೆ ಗೊತ್ತಿತ್ತು,
ನಾನು ಹೇಳುವುದಿಲ್ಲವೆಂದೂ.

ಆಮೇಲೆ ತ್ಯಾಂಪ ಪೂಜಾರಿಯ ಸ್ಕೂಟರು.
ಎರಡು ದೋಣಿ ಜೋಡಿಸಿ, ಹಲಗೆ ಹಾಸಿ,
ಮದುಮಗಳ ಹಾಗೆ ತಂದಿಳಿಸಿದ್ದು, ತೊಂಬತ್ತೊಂದರಲ್ಲಿ.
ಕುದ್ರುವಿಗೆ ಇರುವುದೇ ಅರ್ಧ ಮೈಲಿ ದಾರಿ,
ಶಿಲುಬೆಯ ಕಟ್ಟೆಯಿಂದ ಗುಳಿಗನ ಕಲ್ಲಿನವರೆಗೆ.
ಮೀಟರಿನ ಧೂಳು ಲುಂಗಿಯಲ್ಲಿ ಒರೆಸಿ ಓದಿಸಿದ:
ಹನ್ನೊಂದು ಸಾವಿರದ ನಾನೂರ ಆರು.
"ಕಾಶಿಗೆ ಹೋಗಿ ಬಂದ ಹಾಗಾಯ್ತಲ್ಲ!"
"ಮೂರು ಸಲ," ಅಂದ, ನಗಲಿಲ್ಲ.
"ನಾಲ್ಕನೆಯದಕ್ಕೆ ಮೊನ್ನೆ ಹೊರಟದ್ದು."

ಮರುವಾಯಿ ಚಿಪ್ಪಿನ ಗುಡ್ಡೆ ಉಂಟು,
ಬಿಸಿಲಿಗೆ ಕಣ್ಣು ಬಿಡಲಿಕ್ಕಾಗದಷ್ಟು ಬಿಳಿ.
ಶಾಲೆ ಉಂಟು. ಬೆಂಚು ಹದಿನಾಲ್ಕು, ಮಕ್ಕಳು ಮೂವರು,
ಮೂವರೂ ಒಂದೇ ಬೆಂಚಿಗೆ ಜಗಳ.
ಗೋಡೆಯ ಭೂಪಟದಲ್ಲಿ ಕುದ್ರು ಇಲ್ಲವೆಂದು
ಯಾರೋ ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟಿದ್ದಾರೆ,
ಜಾಗ ತಪ್ಪಿ, ಅರಬ್ಬಿ ಸಮುದ್ರದ ನಡುವೆ.
ಅದರ ಪಕ್ಕ ಇನ್ನೂ ಸಣ್ಣ ಒಂದು ಚುಕ್ಕೆ.
ಕೇಳಿದರೆ ಕೊನೆಯ ಹುಡುಗ ಹೇಳಿದ: ದೋಣಿ.

ಹಿಂದೆ ಬರುವಾಗ ಪೊರ್ಬು ಕಡವಿಗೆ ತಿರುಗಿಸಲಿಲ್ಲ.
"ನೋಡಿ ಆಯ್ತಾ? ಇನ್ನೊಂದು ಉಂಟು."
ಕುದ್ರುವಿನ ಪಡುತುದಿ ಸುತ್ತಿ
ಖಾಲಿ ಹೊಳೆಯ ನಡುವೆ ಜಲ್ಲೆ ಊರಿ ನಿಲ್ಲಿಸಿದ.
"ಇದು ನಮ್ಮ ಅಡುಗೆಮನೆ."
ನೀರು.
"ಅಲ್ಲಿ ಹಂದಿಗೂಡು. ಈಚೆ ಜೀಗುಜ್ಜೆ ಮರ.
ನೀವು ಕೂತಲ್ಲಿ ಮೆಟ್ಟಿಲು, ಅಮ್ಮ ಸಂಜೆ ತೇರ್ಸಿಗೆ ಕೂರುವುದು."
ನೀರು. ತೇಲುವ ಒಂದು ತೆಂಗಿನ ಮಡಲು.
ನಾನು ಕಾಲು ಸ್ವಲ್ಪ ಮೇಲಕ್ಕೆ ಎಳೆದುಕೊಂಡೆ.

ರಾತ್ರಿ ದೀಪವಿಲ್ಲದ ದೋಣಿಗಳು ಬರುತ್ತವಂತೆ, ಮರಳಿಗೆ.
ಎಂಟು ಮಳೆಗಾಲದಲ್ಲಿ ಅಂಗಳ ಹೋಯ್ತು, ಜಗಲಿ ಹೋಯ್ತು,
ಹೊಸ್ತಿಲು ಹೋದ ದಿನ ಇವರು ಹೊರಟರು.
ಆ ಮನೆ ಈಗ ಮಂಗಳೂರಲ್ಲಿ
ಯಾರದ್ದೋ ಏಳನೇ ಮಾಳಿಗೆಯಲ್ಲಿ ಉಂಟು.
ಇದನ್ನು ಬಸ್ಸಿನ ಹೊತ್ತು ಹೇಳುವ ಹಾಗೆ ಹೇಳಿದ.

ಜಲ್ಲೆ ಅಡಿಯಲ್ಲಿ ಏನಕ್ಕೋ ತಾಗಿ ಟಕ್ ಅಂತು.
"ಕಡೆಯುವ ಕಲ್ಲು. ಭಾರ, ಎತ್ತಲಿಕ್ಕೆ ಆಗ್ಲಿಲ್ಲ."
ಇನ್ನೊಮ್ಮೆ ತಟ್ಟಿದ.
ಅದು ನನಗೆ ಕೇಳಿಸಲಿಕ್ಕೆ ಅಲ್ಲ.

ಫೋಟೋ ತೆಗೆದಿದ್ದೆ. ಮನೆಯಲ್ಲಿ ನೋಡಿದರೆ
ಬೂದು ನೀರು, ಮೂಲೆಯಲ್ಲಿ ಅವನ ಮೊಣಕೈ.
ತಂಗಿ ಕೇಳಿದಳು, "ಇದೆಂತ, ಏನೂ ಇಲ್ವಲ್ಲ?"
"ಅಡುಗೆಮನೆ," ಅಂದೆ.
ಅವಳು ಕ್ಯಾಮೆರಾ ತಲೆಕೆಳಗು ಮಾಡಿ ನೋಡಿದಳು.