ಅದುರು

ಪೆರಿಯದ ಲ್ಯಾಬು. ಕರೆಂಟು ಹೋಗಿ ಬಂತು.
ವೆಳ್ಳರಿಕುಂಡಿನ ಜಿನ್ಸಿ ತಟ್ಟೆಯ ಮುಚ್ಚಳ ಒರೆಸಿ
ಮಾರ್ಕರಿನಲ್ಲಿ ಬರೆದಳು: ಇಪ್ಪತ್ತೆರಡು.

ಬಳೆಯಂಥ ಪ್ಲಾಸ್ಮಿಡ್. ಅದರೊಳಗೆ ಒಂದೇ ಮಾತು
ಎರಡೂ ಕಡೆಯಿಂದ ಓದಿಸಿಕೊಂಡು
ತನ್ನನ್ನೇ ತಬ್ಬಿ ಕೂತಿದೆ.
ಅದು ಬ್ಯಾಕ್ಟೀರಿಯಾದ ಹೊಟ್ಟೆಯಲ್ಲಿ,
ಬ್ಯಾಕ್ಟೀರಿಯಾ ಹುಳದ ಹೊಟ್ಟೆಯಲ್ಲಿ.
ಬಾಯಿ ಕಟ್ಟಲಿಲ್ಲ ನಾವು,
ಉಣಬಡಿಸಿದೆವು.

ಮೂರನೇ ದಿನ ಮಸೂರದಡಿ
ಹುಳ ಸತ್ತಿಲ್ಲ. ತಿನ್ನುತ್ತದೆ, ಮೊಟ್ಟೆಯಿಡುತ್ತದೆ.
ಬರೀ ಅದುರುತ್ತದೆ, ಮೈಯುದ್ದಕ್ಕೂ,
ಚಂದ್ರಗಿರಿ ಸೇತುವೆಯಲ್ಲಿ ಲಾರಿ ದಾಟಿದಾಗ
ನಿಂತ ಬಸ್ಸಿನ ಗಾಜು.

ಚೆನ್ನಾಗಿ ಬಂದಿದೆ ಎಂದಳು, ಮಲಯಾಳದಲ್ಲಿ.
ಪುಸ್ತಕಕ್ಕೆ ಇಂಗ್ಲಿಷಿನಲ್ಲಿ ಏರಿಸಿದೆ.
ಎಣಿಸುವುದೊಂದು ಕನ್ನಡದಲ್ಲಿ:
ಮೂವತ್ತೊಂದು, ಮೂವತ್ತೆರಡು,
ದನಿಯಿಲ್ಲದೆ.

ನಿನ್ನ ತುಟಿ ನೋಡು, ಎಂದು ಜಿನ್ಸಿ ನಕ್ಕಳು.
ಲೆಕ್ಕ ತಪ್ಪಿತು.