ಸದ್ದು ಮಾಡಿ ಕುಡಿಯಬೇಕು

ಮಂಡಿಪೇಟೆಯ ಅಂಗಡಿಯ ಷಟರು ಅರ್ಧ ಇಳಿಸಿ
ಭಾನುವಾರ ಮಧ್ಯಾಹ್ನ ಮೂರಕ್ಕೆ
ಕೂತಿದ್ದೇವೆ, ನಾನು ಮತ್ತು ದಸ್ತಗೀರ್ ಸಾಬರು.
ನಡುವೆ ನಾಲ್ಕು ಗಾಜಿನ ಲೋಟ.
ಹಾಲಿಲ್ಲ. ಸಕ್ಕರೆ ಡಬ್ಬಿ
ನಾನೇ ಬೇಕೆಂದು ಅಟ್ಟಕ್ಕೆ ಹಾಕಿದ್ದೇನೆ.

ಇದೇ ಗಲ್ಲಾದಲ್ಲಿ ಕೂತು ಮೂವತ್ತೊಂದು ವರ್ಷ
ಅಪ್ಪ ಮಾರಿದ್ದು ಬೆರಕೆ.
ಅರವತ್ತಕ್ಕೆ ನಲವತ್ತು ಚಿಕೋರಿ,
ಮಿಲ್ಲಿನ ಎರಡನೇ ಪಾಳಿಯವರಿಗೆ ಅರ್ಧಕ್ಕರ್ಧ,
ಬಟವಾಡೆ ತಡವಾದ ತಿಂಗಳು ಅದಕ್ಕೂ ಕೆಳಗೆ.
ಯಾವ ಬೆಟ್ಟದ್ದು ಅಂತ ಒಬ್ಬರೂ ಕೇಳಿದವರಲ್ಲ.
ಕಾಫಿ ಬರುತ್ತಿದ್ದುದು ಲಾರಿಯಿಂದ, ಅಷ್ಟೇ.

ಈಗ ನಾನು ತರಿಸಿದ್ದು ಹಸಿಬೀಜ,
ಒಂದೊಂದು ಚೀಲ ಒಂದೊಂದೇ ಊರಿನದು.
ಹುರಿದವರು ಸಾಬರು.
ಮಂಡಕ್ಕಿ ಭಟ್ಟಿಯಲ್ಲಿ, ಕಾದ ಉಸುಕಿನ ಮುಂದೆ
ನಲವತ್ತು ವರ್ಷ ನಿಂತ ಕಿವಿ ಅವರದು,
ಅಕ್ಕಿ ಅರಳುವುದಕ್ಕೆ ಅರೆ ಉಸಿರು ಮೊದಲೇ
ಬಾಣಲೆಗೆ ಕೈ ಹಾಕುವ ಕಿವಿ.
ಬೀಜ ಮೊದಲ ಸಲ ಚಟ್ ಎಂದಾಗ
ಮಗುವಿನ ಹಲ್ಲು ಕಂಡವರಂತೆ ನಕ್ಕರು:
‘ಇದರ ಹೊಟ್ಟೇಲೂ ನೀರಿತ್ತು ನೋಡವ್ವ.’

ಚೀಲಗಳ ಜೊತೆ ಬಂದ ಚೀಟಿಯಲ್ಲಿ
ಯಾವುದರಲ್ಲಿ ಯಾವ ರುಚಿ ಸಿಗಬೇಕೆಂದು ಅಚ್ಚಾಗಿದೆ.
ಅದನ್ನು ಮಡಿಚಿ ತೊಡೆಯ ಕೆಳಗಿಟ್ಟುಕೊಂಡೆ,
ಪರೀಕ್ಷೆಗೆ ಕೂತ ಕಳ್ಳಿಯ ಹಾಗೆ.

ಚಮಚ ತುಂಬ ತೆಗೆದು
ಸೊರ್ ಎಂದು ಎಳೆಯಬೇಕು, ಗಾಳಿಯ ಸಮೇತ,
ಅಂಗುಳಿಗೆ ಸೋನೆಯಂತೆ ಸಿಡಿಯಬೇಕು.
ಹೀಗೆ ಸದ್ದು ಮಾಡಿದ್ದಕ್ಕೇ ಅವ್ವ ಒಮ್ಮೆ
ಸೌಟು ಬೀಸಿದ್ದಳು. ಮಂಡಿಯ ಮೇಲೆ ಕಲೆ ಇನ್ನೂ ಇದೆ.
ಇವತ್ತು ಇಬ್ಬರೂ ಸೇರಿ ಎಷ್ಟು ಸದ್ದು ಮಾಡಿದೆವೆಂದರೆ
ಷಟರಿನಡಿ ಬಗ್ಗಿ ಒಂದು ನಾಯಿ ನೋಡಿ ಹೋಯಿತು.

ಬಾಬಾಬುಡನ್‌ಗಿರಿಯದು.
ಚೀಟಿಯಲ್ಲಿ: ಕಿತ್ತಳೆ ಸಿಪ್ಪೆ.
ಸಾಬರು: ‘ಗೂಡ್ಸ್ ಶೆಡ್ ಹಿಂದೆ ಒಂದು ಹೇರಳೆ ಗಿಡ ಇತ್ತು.
ಕಡಿದುಬಿಟ್ರು. ಅದರ ಎಲೆ ಹಿಚುಕಿದ ಕೈ ಇದು.’

ಬಿಳಿಗಿರಿಯದು.
ಚೀಟಿಯಲ್ಲಿ: ಬೆಲ್ಲ.
‘ಬೆಲ್ಲ ಹೌದು. ಆದರೆ ಕೊಪ್ಪರಿಗೆ ತಳದ್ದು,
ಕೆರೆದು ಹುಡುಗರಿಗೆ ಕೊಡೋದು.’

ಅರಕುವಿನದನ್ನು ಎಳೆದು ಮುಖ ಸಿಂಡರಿಸಿದರು.
‘ಬೀಜಕ್ಕೆ ಬಯ್ಯಬೇಡ. ಇದೊಂದಕ್ಕೆ ನೀನು
ಬೋರ್ ನೀರು ಹಾಕೀಯ.’
ಹಾಕಿದ್ದೆ. ನಾಲೆಯ ನೀರು ಕ್ಯಾನಿನಲ್ಲಿ ಮುಗಿದಿತ್ತು,
ಯಾರಿಗೆ ಗೊತ್ತಾಗುತ್ತೆ ಅಂದುಕೊಂಡಿದ್ದೆ.
ಭದ್ರೆಯ ಯಾವ ತೂಬಿನ ಕೆಳಗೆ ಬೆಳೆದ ಭತ್ತ ಅಂತ
ಒಂದು ಕಾಳು ಕಡಿದು ಹೇಳುತ್ತಿದ್ದವರ ಮುಂದೆ!

ಕೊನೆಯದು ಇಥಿಯೋಪಿಯಾದ್ದು.
ಸಾಬರು ಕಣ್ಣು ಮುಚ್ಚಿದರು.
ಗೋಡೆಯ ಗಡಿಯಾರ, ಹೊರಗೆ ಎತ್ತಿನಗಾಡಿಯಲ್ಲ,
ಗ್ಯಾಸ್ ಸಿಲಿಂಡರಿನ ಆಟೋ ಗಣಗಣ ದಾಟಿತು.
ಇನ್ನೊಂದು ಚಮಚ. ಮತ್ತೊಂದು.
ಆಮೇಲೆ, ಸಾಲ ಒಪ್ಪಿಕೊಳ್ಳುವವರಂತೆ ಮೆತ್ತಗೆ:
‘ಇದನ್ನ ನಾನು ತಿಂದಿಲ್ಲ.’

ತೊಡೆಯಡಿಯಿಂದ ಚೀಟಿ ತೆಗೆದು ಓದಿದೆ: ಬ್ಲೂಬೆರಿ.
ನಾನೂ ತಿಂದಿಲ್ಲ. ಕಂಡೂ ಇಲ್ಲ.
ಸುಮ್ಮನೆ ಕೂತೆವು, ಇಬ್ಬರ ಬಾಯಲ್ಲೂ
ಹೆಸರಿಲ್ಲದ ಒಂದು ಹಣ್ಣು ಹಣ್ಣಾಗುತ್ತಾ.

‘ಆಯ್ತಲ್ಲ ಪರೀಕ್ಷೆ,’ ಅಂದರು ಕಡೆಗೆ,
‘ಅಟ್ಟದಿಂದ ಇಳಿಸು ಅದನ್ನ. ನಿಮ್ಮಪ್ಪನ ಪುಡಿ ಹಾಕಿ
ಒಂದು ನೆಟ್ಟಗಿನ ಕಾಫಿ ಕುಡಿಸು.’
ಕುಡಿಸಿದೆ. ಅದನ್ನೂ ಸೊರ್ ಎಂದೇ ಕುಡಿದರು.

ಅವರು ಹೋದ ಮೇಲೆ ಮೂರು ಲೋಟ ತೊಳೆದೆ.
ನಾಲ್ಕನೆಯದರ ಮೇಲೆ ತಟ್ಟೆ ಮುಚ್ಚಿಟ್ಟು
ಡಬ್ಬಿಗೆ ಅಂಟಿಸುವ ಚೀಟಿ ಬರೆಯಲು ಕೂತೆ.
ಊರು: ಇಥಿಯೋಪಿಯಾ.
ಹುರಿದವರು: ದಸ್ತಗೀರ್ ಸಾಬ್, ದಾವಣಗೆರೆ.
ರುಚಿ:
ಪೆನ್ನು ಬಹಳ ಹೊತ್ತು ಅಲ್ಲೇ ನಿಂತಿತ್ತು.
ಇನ್ನೂ ತಿಂದಿಲ್ಲ, ಅಂತ ಬರೆದೆ.